ಕುಬ್ಜ ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳ ಹುಟ್ಟು ಮತ್ತು ಧಾತುಗಳ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಚಳಿಗಾಲದ ಸಂಜೆಗಳಲ್ಲಿ ಪ್ರೌಢಶಾಲೆ ಮತ್ತು ಪದವಿ ತರಗತಿಗಳ ವಿದ್ಯಾರ್ಥಿಗಳಿಗೆ ಆಕಾಶ ತೋರಿಸುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ದೂರದರ್ಶಕದ ಮುಂದೆ ಸಾಲುಗಟ್ಟಿದವರು ಮೊದಲು ಕೇಳುವುದು ಚಂದ್ರನನ್ನು, ಆಮೇಲೆ ಶನಿಯ ಬಳೆಯನ್ನು. ಆಂಡ್ರೊಮಿಡಾ ಗ್ಯಾಲಕ್ಸಿಯ ಮಸುಕು ಬೆಳಕನ್ನು ನೋಡಿದ ಮೇಲೆ ಮಾತು ಬೇರೆ ಕಡೆಗೆ ಹೊರಳುತ್ತದೆ. ಅದರ ಪಕ್ಕದಲ್ಲಿರುವ ಪುಟ್ಟ ಚುಕ್ಕೆ ಏನು, ಅಷ್ಟು ಚಿಕ್ಕ ಗ್ಯಾಲಕ್ಸಿಯಲ್ಲೂ ನಕ್ಷತ್ರಗಳು ಹುಟ್ಟುತ್ತವೆಯೇ, ಅಲ್ಲಿ ಕಬ್ಬಿಣ, ಬೆಳ್ಳಿ, ಬಂಗಾರ ಇವೆಯೇ ಎಂಬ ಪ್ರಶ್ನೆಗಳು ಪ್ರತಿ ವರ್ಷವೂ ಬರುವುದರಿಂದ ಉತ್ತರಗಳನ್ನು ಒಂದೆಡೆ ಬರೆದಿಡುವುದು ಮೇಲು ಎನಿಸಿತು.

ಕುಬ್ಜ ಗ್ಯಾಲಕ್ಸಿ ಎಂದರೆ ಎಷ್ಟು ಚಿಕ್ಕದು?

ಗಟ್ಟಿಯಾದ ಗಡಿರೇಖೆ ಇಲ್ಲ. ನಮ್ಮ ಆಕಾಶಗಂಗೆಯಲ್ಲಿ 10,000 ಕೋಟಿಯಿಂದ 40,000 ಕೋಟಿಯಷ್ಟು ನಕ್ಷತ್ರಗಳಿವೆ ಎಂಬ ಅಂದಾಜಿದ್ದು, ಅದರ ನೂರರಲ್ಲಿ ಕೆಲವೇ ಪಾಲು ಅಥವಾ ಅದಕ್ಕೂ ಕಡಿಮೆ ನಕ್ಷತ್ರಗಳಿರುವ ಗ್ಯಾಲಕ್ಸಿಯನ್ನು ಸಾಮಾನ್ಯವಾಗಿ ಕುಬ್ಜ ಎಂದು ಕರೆಯುತ್ತಾರೆ. ಆದರೆ ಈ ಗುಂಪಿನ ಒಳಗೇ ಅಜಗಜಾಂತರವಿದೆ. 1.6 ಲಕ್ಷ ಜ್ಯೋತಿರ್ವರ್ಷ ದೂರದ, ‘ದೊಡ್ಡ ಮೆಗಲಾನಿಕ್ ಮೋಡ’ ಎಂಬ ಹೆಸರಿನ ಕುಬ್ಜ ಗ್ಯಾಲಕ್ಸಿಯಲ್ಲಿರುವ ನಕ್ಷತ್ರಗಳನ್ನೆಲ್ಲ ತೂಗಿದರೆ ಇನ್ನೂರು ಕೋಟಿ ಸೂರ್ಯರಿಗೂ ಮಿಗಿಲಾಗುತ್ತದೆ. ಇತ್ತ 2005ರಿಂದೀಚೆಗೆ ಸ್ಲೋನ್ ಆಕಾಶ ಸಮೀಕ್ಷೆಯಲ್ಲಿ ಒಂದೊಂದಾಗಿ ಸಿಕ್ಕ ಅತಿಮಂದ ಕುಬ್ಜಗಳಲ್ಲಿ ಒಂದಾದ ಸೆಗ್ವೆ 1 ಎಂಬುದರ ಒಟ್ಟು ಬೆಳಕು ಸೂರ್ಯನ ಬೆಳಕಿನ ಕೆಲವು ನೂರು ಪಟ್ಟು ಮಾತ್ರ. ಮಹಾವ್ಯಾಧನ ಕಾಲಿನಲ್ಲಿ ಹೊಳೆಯುವ ರೈಜೆಲ್ ಎಂಬ ಒಂದೇ ನಕ್ಷತ್ರ ಆ ಇಡೀ ಗ್ಯಾಲಕ್ಸಿಯನ್ನು ಬೆಳಕಿನಲ್ಲಿ ಮೀರಿಸುತ್ತದೆ.

ಹಾಗಿದ್ದರೆ ಅದನ್ನು ನಕ್ಷತ್ರಗುಚ್ಛ ಎನ್ನದೆ ಗ್ಯಾಲಕ್ಸಿ ಎಂದೇಕೆ ಕರೆಯಬೇಕು ಎಂದು ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಬಿಡದೆ ಕೇಳಿದಳು. ಇದಕ್ಕೆ ಎರಡು ಕಾರಣಗಳಿವೆ. ಒಂದು, ಅಲ್ಲಿನ ನಕ್ಷತ್ರಗಳು ಓಡಾಡುವ ವೇಗವನ್ನು ನೋಡಿದರೆ ಕಾಣುವ ನಕ್ಷತ್ರಗಳ ಗುರುತ್ವ ಅವನ್ನು ಹಿಡಿದಿಡಲು ಏನೇನೂ ಸಾಲದು. ಕಣ್ಣಿಗೆ ಕಾಣದ ಕಪ್ಪು ದ್ರವ್ಯ ಹತ್ತಾರು, ನೂರಾರು ಪಟ್ಟು ಇರಲೇಬೇಕು. ಡ್ರೇಕೊ ಎಂಬ ಕುಬ್ಜದಲ್ಲಿ 1983ರಲ್ಲಿ ಮಾರ್ಕ್ ಆರನ್ಸನ್ ಕೇವಲ ಮೂರು ನಕ್ಷತ್ರಗಳ ವೇಗ ಅಳೆದು ಈ ಮಾತನ್ನು ಮೊದಲು ಎತ್ತಿದರು. ಇನ್ನೊಂದು ಕಾರಣ ಈ ಬರಹಕ್ಕೆ ಹೆಚ್ಚು ಹತ್ತಿರದ್ದು. ಸಾಮಾನ್ಯ ನಕ್ಷತ್ರಗುಚ್ಛದ ನಕ್ಷತ್ರಗಳಲ್ಲಿ ಕಬ್ಬಿಣದ ಪ್ರಮಾಣ ಬಹುತೇಕ ಒಂದೇ ಇರುತ್ತದೆ. ಕುಬ್ಜ ಗ್ಯಾಲಕ್ಸಿಯಲ್ಲಿ ಒಂದರಿಂದ ಒಂದಕ್ಕೆ ಹತ್ತಾರು ಪಟ್ಟು ವ್ಯತ್ಯಾಸ ಕಾಣಬಹುದು. ಅಂದರೆ ಅಲ್ಲಿ ಒಂದು ತಲೆಮಾರು ಸತ್ತು, ಅದರ ಬೂದಿಯಿಂದ ಮುಂದಿನ ತಲೆಮಾರು ಹುಟ್ಟುವಷ್ಟು ಕಾಲ ಅನಿಲ ಉಳಿದಿತ್ತು.

ಶ್ವೇತಕುಬ್ಜಕ್ಕೂ ಇದಕ್ಕೂ ಏನು ಸಂಬಂಧ?

ಹೆಸರಿನಲ್ಲಿ ಮಾತ್ರ. ಶ್ವೇತಕುಬ್ಜ ಎಂಬುದು ಸೂರ್ಯನಂತಹ ಒಂದು ನಕ್ಷತ್ರ ಸತ್ತ ಮೇಲೆ ಉಳಿಯುವ, ಭೂಮಿಯಷ್ಟು ಗಾತ್ರದ ಗಟ್ಟಿ ಗುಂಡು. ಆದರೂ ಅದನ್ನು ನೆನಪಿನಲ್ಲಿಡಿ, ಕಬ್ಬಿಣದ ಪ್ರಶ್ನೆ ಬಂದಾಗ ಅದು ಮತ್ತೆ ಬೇಕಾಗುತ್ತದೆ.

ಆಮ್ಲಜನಕವನ್ನೂ ‘ಲೋಹ’ ಎನ್ನುವುದು ಯಾವ ನ್ಯಾಯ?

ಬೀದರಿನಲ್ಲಿ ಬಿದರಿ ಕೆಲಸ ಮಾಡುವವರ ಮುಂದೆ ಆಮ್ಲಜನಕ ಒಂದು ಲೋಹ ಎಂದರೆ ನಕ್ಕುಬಿಡುತ್ತಾರೆ, ಅವರ ನಗುವಿನಲ್ಲಿ ತಪ್ಪೇನೂ ಇಲ್ಲ. ಸತು ಎಷ್ಟು, ತಾಮ್ರ ಎಷ್ಟು ಎಂದು ತೂಗಿ ಎರಕ ಹೊಯ್ಯುವವರಿಗೆ ಲೋಹ ಎಂಬ ಮಾತಿಗೆ ಖಚಿತವಾದ ಅರ್ಥವಿದೆ. ಖಗೋಳಶಾಸ್ತ್ರಜ್ಞರ ರೂಢಿಯಲ್ಲಿ ಜಲಜನಕ ಮತ್ತು ಹೀಲಿಯಂ ಬಿಟ್ಟು ಉಳಿದುದೆಲ್ಲವೂ, ಇಂಗಾಲ ಮತ್ತು ಆಮ್ಲಜನಕವೂ ಸೇರಿ, ಲೋಹವೇ. ಇದು ಕೆಟ್ಟ ಪದ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಇಲ್ಲಿ ‘ಭಾರ ಧಾತು’ ಎಂದೇ ಬರೆಯುತ್ತೇನೆ.

ಈ ವಿಂಗಡಣೆಗೆ ಆಧಾರ ಮಾತ್ರ ಗಟ್ಟಿಯಾಗಿದೆ. ಸುಮಾರು 1,380 ಕೋಟಿ ವರ್ಷಗಳ ಹಿಂದೆ ಮಹಾಸ್ಫೋಟದ ಮೊದಲ ಕೆಲವು ನಿಮಿಷಗಳಲ್ಲಿ ತಯಾರಾದದ್ದು, ತೂಕದ ಲೆಕ್ಕದಲ್ಲಿ, ಮುಕ್ಕಾಲು ಪಾಲು ಜಲಜನಕ, ಕಾಲು ಪಾಲು ಹೀಲಿಯಂ, ಜೊತೆಗೆ ಲವಲೇಶದಷ್ಟು ಲಿಥಿಯಂ. ಉಳಿದ ಧಾತುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ನಂತರ ನಕ್ಷತ್ರಗಳ ಒಡಲಲ್ಲಿ ಅಥವಾ ಅವುಗಳ ಸಾವಿನಲ್ಲಿ ತಯಾರಾದವು. ಸೂರ್ಯನಲ್ಲಿ ಭಾರ ಧಾತುಗಳ ಪಾಲು ಶೇ 1.3ರಿಂದ 1.4ರಷ್ಟಿದೆ ಎಂದು ಲೆಕ್ಕ ಹಾಕಿದ್ದಾರೆ. ದೊಡ್ಡ ಮೆಗಲಾನಿಕ್ ಮೋಡದಲ್ಲಿ ಅದರ ಸುಮಾರು ಅರ್ಧ, ಅದರ ನೆರೆಯ ಚಿಕ್ಕ ಮೆಗಲಾನಿಕ್ ಮೋಡದಲ್ಲಿ ಸುಮಾರು ಐದನೆಯ ಒಂದು ಪಾಲು ಇದೆ. ಅತಿಮಂದ ಕುಬ್ಜಗಳ ನಕ್ಷತ್ರಗಳಲ್ಲಿ ಸೂರ್ಯನಲ್ಲಿರುವುದರ ನೂರರಲ್ಲಿ ಒಂದು ಪಾಲು, ಕೆಲವೊಮ್ಮೆ ಸಾವಿರದಲ್ಲಿ ಒಂದು ಪಾಲು ಎಂಬಂತಹ ಅಂಕಿಗಳು ಸಾಮಾನ್ಯ. ಗ್ಯಾಲಕ್ಸಿ ಚಿಕ್ಕದಾದಷ್ಟೂ ಭಾರ ಧಾತುಗಳ ಪ್ರಮಾಣ ಇಳಿಯುತ್ತದೆ ಎಂಬ ಈ ನಿಯಮ 1979ರಿಂದಲೂ ಗೊತ್ತಿದ್ದು, ಆಮೇಲಿನ ದೊಡ್ಡ ಸಮೀಕ್ಷೆಗಳಲ್ಲಿ ಗಟ್ಟಿಗೊಳ್ಳುತ್ತಲೇ ಬಂದಿದೆ.

ಅಷ್ಟು ದೂರದ ವಸ್ತುವಿನಲ್ಲಿ ಯಾವ ಧಾತು ಎಷ್ಟಿದೆ ಎಂದು ತಿಳಿಯುವುದು ಹೇಗೆ?

ಬೆಳಕನ್ನು ರೋಹಿತವಾಗಿ, ಅಂದರೆ ಬಣ್ಣಗಳ ಪಟ್ಟಿಯಾಗಿ, ಬಿಡಿಸಿ ನೋಡುವುದರಿಂದ. ಪ್ರತಿ ಧಾತುವೂ ತನ್ನದೇ ಬಣ್ಣಗಳಲ್ಲಿ ಕಪ್ಪು ಅಥವಾ ಹೊಳೆಯುವ ಗೆರೆಗಳನ್ನು ಮೂಡಿಸುತ್ತದೆ. ಗೆರೆ ದಪ್ಪವಿದ್ದರೆ ಧಾತು ಹೆಚ್ಚಿದೆ ಎಂದು ಕೂಡಲೇ ತೀರ್ಮಾನಿಸುವಂತಿಲ್ಲ, ಏಕೆಂದರೆ ಉಷ್ಣತೆ ಬದಲಾದರೆ ಗೆರೆಯೂ ಬದಲಾಗುತ್ತದೆ. ಈ ತೊಡಕನ್ನು ಬಿಡಿಸುವ ಸೂತ್ರವನ್ನು 1920ರಲ್ಲಿ ಕೊಟ್ಟವರು ನಮ್ಮವರೇ ಆದ ಮೇಘನಾದ ಸಹಾ.

ಕುಬ್ಜ ಗ್ಯಾಲಕ್ಸಿಗಳಲ್ಲಿ ಎರಡು ದಾರಿಗಳಿವೆ. ಆಕಾಶಗಂಗೆಯ ಸುತ್ತಲಿನ ಹತ್ತಿರದ ಕುಬ್ಜಗಳಲ್ಲಿ ಕೆಂಪು ದೈತ್ಯ ನಕ್ಷತ್ರಗಳನ್ನು, ಅಂದರೆ ಮುಪ್ಪಿನಲ್ಲಿ ಉಬ್ಬಿ ಕೆಂಪಾದವನ್ನು, ಒಂದೊಂದಾಗಿ ಆರಿಸಿ ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ ಗೆರೆಗಳನ್ನು ಅಳೆಯುತ್ತಾರೆ. ನಕ್ಷತ್ರದ ಹೊರಪದರದಲ್ಲಿ ಈ ಧಾತುಗಳು ಅದು ಹುಟ್ಟಿದ ದಿನದ ಅನಿಲದಲ್ಲಿ ಎಷ್ಟಿದ್ದವೋ ಹೆಚ್ಚುಕಡಿಮೆ ಅಷ್ಟೇ ಉಳಿದಿರುವುದರಿಂದ, ಒಂದೊಂದು ನಕ್ಷತ್ರವೂ ಹಳೆಯ ಖಾತೆ ಪುಸ್ತಕದ ಒಂದು ಹಾಳೆ. ದೂರದ ಕುಬ್ಜಗಳಲ್ಲಿ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ಕಾಣಲು ಆಗದು. ಅಲ್ಲಿ ಎಳೆಯ ಬಿಸಿ ನಕ್ಷತ್ರಗಳ ಸುತ್ತ ಹೊಳೆಯುವ ಅನಿಲದ ಆಮ್ಲಜನಕದ ಗೆರೆಗಳನ್ನು ಅಳೆಯುತ್ತಾರೆ. ಆದ್ದರಿಂದ ಒಂದು ಲೇಖನದಲ್ಲಿ ‘ಸೂರ್ಯನ ಶೇ 3ರಷ್ಟು’ ಎಂದು ಬರೆದಿದ್ದರೆ ಅದು ಕಬ್ಬಿಣದ ಮಾತೋ ಆಮ್ಲಜನಕದ ಮಾತೋ ಎಂದು ಮೊದಲು ನೋಡಿಕೊಳ್ಳಬೇಕು. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಚಿಕ್ಕ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳು ಹುಟ್ಟುವ ಬಗೆ ಬೇರೆಯೇ?

ಮೂಲ ಬಗೆ ಒಂದೇ. ತಣ್ಣನೆಯ, ದಟ್ಟವಾದ ಅನಿಲದ ಮೋಡ ತನ್ನ ಭಾರಕ್ಕೆ ತಾನೇ ಕುಸಿದು ನಕ್ಷತ್ರವಾಗುತ್ತದೆ. ಕುಸಿಯಬೇಕಾದರೆ ಮೋಡ ತನ್ನ ಶಾಖವನ್ನು ಹೊರಹಾಕಬೇಕು, ಮತ್ತು ಶಾಖವನ್ನು ಹೊರಹಾಕುವ ಕೆಲಸದಲ್ಲಿ ಇಂಗಾಲ, ಆಮ್ಲಜನಕ, ಧೂಳಿನ ಕಣಗಳು ಬಹಳ ಚುರುಕು. ಕುಬ್ಜ ಗ್ಯಾಲಕ್ಸಿಯಲ್ಲಿ ಇವೇ ಕಡಿಮೆ. ಧೂಳಿನ ಕಣದ ಮೇಲೆ ಕುಳಿತೇ ಜಲಜನಕದ ಎರಡು ಪರಮಾಣುಗಳು ಸುಲಭವಾಗಿ ಕೂಡಿ ಅಣುವಾಗುವುದರಿಂದ, ಧೂಳು ಕಡಿಮೆ ಎಂದರೆ ಅಣುಗಳೂ ಕಡಿಮೆ, ಹೊರಗಿನ ಅತಿನೇರಳೆ ಕಿರಣಗಳಿಂದ ಮೋಡಕ್ಕೆ ಸಿಗುವ ನೆರಳೂ ಕಡಿಮೆ.

ಇದರಿಂದ ವೀಕ್ಷಕರಿಗೆ ಒಂದು ವಿಚಿತ್ರ ತೊಂದರೆ ಎದುರಾಗುತ್ತದೆ. ತಣ್ಣನೆಯ ಜಲಜನಕದ ಅಣು ತಾನಾಗಿ ಬೆಳಕು ಸೂಸುವುದಿಲ್ಲವಾದ್ದರಿಂದ ಎಲ್ಲ ಗ್ಯಾಲಕ್ಸಿಗಳಲ್ಲೂ ಅದರ ಜೊತೆಗಿರುವ ಕಾರ್ಬನ್ ಮಾನಾಕ್ಸೈಡ್ ಅಣುವಿನ ರೇಡಿಯೊ ಗೆರೆಯನ್ನು ಹುಡುಕುವುದು ವಾಡಿಕೆ. ಕುಬ್ಜಗಳಲ್ಲಿ ನಕ್ಷತ್ರಗಳು ಹುಟ್ಟುತ್ತಿರುವುದು ಕಣ್ಣೆದುರಿಗೇ ಕಾಣುತ್ತಿದ್ದರೂ ಈ ಗೆರೆ ಮಾತ್ರ ಸಿಗುತ್ತಿರಲಿಲ್ಲ. ಸುಮಾರು 32 ಲಕ್ಷ ಜ್ಯೋತಿರ್ವರ್ಷ ದೂರದ, ಸೂರ್ಯನ ಶೇ 13ರಷ್ಟು ಮಾತ್ರ ಭಾರ ಧಾತುಗಳಿರುವ ಡಬ್ಲ್ಯೂಎಲ್‌ಎಂ ಎಂಬ ಕುಬ್ಜದಲ್ಲಿ, ಚಿಲಿ ದೇಶದ ಆಲ್ಮಾ ದೂರದರ್ಶಕ 2015ರಲ್ಲಿ ಕೊನೆಗೂ ಹತ್ತು ಪುಟ್ಟ ಮೋಡಗಳನ್ನು ತೋರಿಸಿತು. ಒಂದೊಂದೂ ಕೆಲವೇ ಜ್ಯೋತಿರ್ವರ್ಷಗಳಷ್ಟು ಅಗಲ. ಕಾರ್ಬನ್ ಮಾನಾಕ್ಸೈಡ್ ದೊಡ್ಡ ಮೋಡದ ನಡುವಿನ ತಿರುಳಿನಲ್ಲಿ ಮಾತ್ರ ಬದುಕಿ ಉಳಿದಿತ್ತು, ಸುತ್ತಲಿನದನ್ನು ಅತಿನೇರಳೆ ಕಿರಣಗಳು ಒಡೆದುಹಾಕಿದ್ದವು.

ಪರಮಾಣು ರೂಪದ ಜಲಜನಕ ಮಾತ್ರ ಹಲವು ಕುಬ್ಜಗಳಲ್ಲಿ ಹೇರಳ. ಅದು 21 ಸೆಂ.ಮೀ. ತರಂಗಾಂತರದಲ್ಲಿ ರೇಡಿಯೊ ಅಲೆಗಳನ್ನು ಸೂಸುತ್ತದೆ. ಎನ್‌ಜಿಸಿ 3741 ಎಂಬ ಕುಬ್ಜದಲ್ಲಿ ನಕ್ಷತ್ರಗಳು ಕಾಣುವ ಭಾಗಕ್ಕಿಂತ ಎಂಟು ಪಟ್ಟು ದೂರದವರೆಗೂ ಈ ಅನಿಲ ಹರಡಿದೆ. ಇಷ್ಟು ಅನಿಲವಿದ್ದೂ ನಕ್ಷತ್ರಗಳು ಏಕೆ ಕಡಿಮೆ ಎಂದರೆ, ಅನಿಲ ತೆಳ್ಳಗೆ ಹರಡಿದೆ. ದಟ್ಟಣೆ ಇಳಿದಷ್ಟೂ ನಕ್ಷತ್ರಗಳ ಹುಟ್ಟು ಅದಕ್ಕಿಂತ ವೇಗವಾಗಿ ಇಳಿಯುತ್ತದೆ ಎಂಬುದನ್ನು 1959ರಲ್ಲಿ ಮಾರ್ಟೆನ್ ಶ್ಮಿಟ್ ಗುರುತಿಸಿದ್ದರು. ಎರೆಹೊಲದಲ್ಲಿ ಮಳೆ ಬಿದ್ದ ಮೇಲೂ ಹದ ಬರುವವರೆಗೆ ಬಿತ್ತುವಂತಿಲ್ಲ, ಹಾಗೆಯೇ ಇಲ್ಲಿ ಅನಿಲ ಇದ್ದರೆ ಸಾಲದು, ಅದು ಹದಕ್ಕೆ ಬರಬೇಕು.

ಹದಕ್ಕೆ ಬಂದಾಗ ಆಗುವುದು ಮತ್ತೊಂದು ಅತಿರೇಕ. ಚಿಕ್ಕ ಗ್ಯಾಲಕ್ಸಿಯಲ್ಲಿ ಒಂದು ಕಡೆ ನಕ್ಷತ್ರಗಳ ಗುಂಪು ಹುಟ್ಟಿದರೆ ಅದರ ಭಾರಿ ನಕ್ಷತ್ರಗಳ ಕಿರಣಗಳೂ ಸ್ಫೋಟಗಳೂ ಇಡೀ ಗ್ಯಾಲಕ್ಸಿಯ ಅನಿಲವನ್ನೇ ಕಲಕಿಬಿಡುತ್ತವೆ. ಆಗ ಹುಟ್ಟು ನಿಲ್ಲುತ್ತದೆ, ಅನಿಲ ತಣಿದು ಮರಳಿ ಸೇರಿದ ಮೇಲೆ ಮತ್ತೆ ಶುರುವಾಗುತ್ತದೆ. ಆಕಾಶಗಂಗೆಯಂತಹ ದೊಡ್ಡ ಗ್ಯಾಲಕ್ಸಿಯಲ್ಲಿ ಒಂದು ಮೂಲೆಯ ಗದ್ದಲ ಇನ್ನೊಂದು ಮೂಲೆಗೆ ತಟ್ಟುವುದಿಲ್ಲವಾದ್ದರಿಂದ ಅಲ್ಲಿ ಇಂತಹ ಬಿಟ್ಟು ಬಿಟ್ಟು ನಡೆಯುವ ಕೆಲಸ ಎದ್ದು ಕಾಣುವುದಿಲ್ಲ.

ಕುಬ್ಜಗಳಲ್ಲಿ ಭಾರ ಧಾತುಗಳು ಕಡಿಮೆ ಏಕೆ? ಅಲ್ಲಿನ ನಕ್ಷತ್ರಗಳು ಅವನ್ನು ತಯಾರಿಸುವುದೇ ಇಲ್ಲವೇ?

ಇಡೀ ಬರಹದಲ್ಲಿ ಒಂದೇ ಉತ್ತರವನ್ನು ಓದಲು ಸಮಯವಿದ್ದರೆ ಇದನ್ನು ಓದಿ. ಕುಬ್ಜ ಗ್ಯಾಲಕ್ಸಿ ಬಡವಾಗಿರುವುದು ದುಡಿಯದೆ ಅಲ್ಲ, ದುಡಿದದ್ದು ಕೈಯಲ್ಲಿ ನಿಲ್ಲದೆ.

ಲೆಕ್ಕ ಹೀಗಿದೆ. ನೂರು ಸೂರ್ಯರಷ್ಟು ತೂಕದ ಅನಿಲ ನಕ್ಷತ್ರಗಳಾದರೆ ಅವುಗಳಲ್ಲಿ ಸುಮಾರು ಒಂದು ಮಾತ್ರ ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ತೂಕದ್ದಾಗಿರುತ್ತದೆ. ಆ ಒಂದು ನಕ್ಷತ್ರ ಕೆಲವು ಕೋಟಿ ವರ್ಷಗಳ ಒಳಗೇ ಸೂಪರ್‌ನೋವಾ ಆಗಿ ಸಿಡಿದು ಆಮ್ಲಜನಕ, ಮೆಗ್ನೀಸಿಯಂ ಮೊದಲಾದವುಗಳನ್ನು ಹೊರಚೆಲ್ಲುತ್ತದೆ. ಅನಿಲ ಒಳಗೂ ಬರದೆ, ಹೊರಗೂ ಹೋಗದೆ, ಮುಚ್ಚಿದ ಪಾತ್ರೆಯಲ್ಲಿದ್ದಂತೆ ಇದ್ದರೆ, ಅದರ ಅರ್ಧ ಭಾಗ ನಕ್ಷತ್ರಗಳಾಗುವ ಹೊತ್ತಿಗೆ ಉಳಿದ ಅನಿಲದಲ್ಲಿ ಭಾರ ಧಾತುಗಳು ಸೂರ್ಯನ ಮಟ್ಟದ ಆಸುಪಾಸಿಗೆ ಏರಬೇಕು.

ಈಗ ಲಿಯೊ ಪಿ ಎಂಬ ಕುಬ್ಜವನ್ನು ನೋಡೋಣ. ಸುಮಾರು 53 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಒಂಟಿಯಾಗಿರುವ ಇದನ್ನು ಅರೆಸಿಬೊ ರೇಡಿಯೊ ದೂರದರ್ಶಕದ ಸಮೀಕ್ಷೆಯಲ್ಲಿ ಗುರುತಿಸಿ 2013ರಲ್ಲಿ ಪ್ರಕಟಿಸಿದರು. ಅಲ್ಲಿ ನಕ್ಷತ್ರಗಳ ತೂಕವೂ ಜಲಜನಕದ ತೂಕವೂ ಕೆಲವು ಲಕ್ಷ ಸೂರ್ಯರ ಲೆಕ್ಕದಲ್ಲಿ, ಹೆಚ್ಚುಕಡಿಮೆ ಸರಿಸಮ. ಮುಚ್ಚಿದ ಪಾತ್ರೆಯ ಲೆಕ್ಕದಲ್ಲಿ ಅದು ಸೂರ್ಯನಿಗಿಂತ ತುಸುವೇ ಬಡವಾಗಿರಬೇಕಿತ್ತು. ಅಳೆದರೆ ಆಮ್ಲಜನಕ ಸೂರ್ಯನ ಶೇ 3ರಷ್ಟಿದೆ. ತನ್ನ ನಕ್ಷತ್ರಗಳು ತಯಾರಿಸಿದ ಆಮ್ಲಜನಕದಲ್ಲಿ ಅದು ಉಳಿಸಿಕೊಂಡಿರುವುದು ಶೇ 5ರಷ್ಟು ಮಾತ್ರ ಎಂದು 2015ರಲ್ಲಿ ಲೆಕ್ಕ ಹಾಕಿದರು. ಉಳಿದ ಶೇ 95 ಗ್ಯಾಲಕ್ಸಿಯನ್ನು ಬಿಟ್ಟು ಹೋಗಿದೆ. ಪಕ್ಕದಲ್ಲಿ ಕಸಿದುಕೊಳ್ಳುವ ದೊಡ್ಡ ಗ್ಯಾಲಕ್ಸಿ ಯಾವುದೂ ಇಲ್ಲದಿರುವುದರಿಂದ ನಷ್ಟಕ್ಕೆ ಕಾರಣ ಒಳಗಿನದೇ ಆಗಿರಬೇಕು.

ಕಾರಣ ಗುರುತ್ವದ ಹಿಡಿತ. ಸೂರ್ಯನಿರುವ ಜಾಗದಿಂದ ಆಕಾಶಗಂಗೆಯ ಹಿಡಿತ ತಪ್ಪಿಸಿಕೊಳ್ಳಲು ಸೆಕೆಂಡಿಗೆ 500 ಕಿ.ಮೀ.ಗೂ ಮೀರಿದ ವೇಗ ಬೇಕು; ಲಿಯೊ ಪಿಯಂತಹ ಕುಬ್ಜದಿಂದ ಹೊರಬೀಳಲು ಕೆಲವು ಹತ್ತು ಕಿ.ಮೀ. ಸಾಕು. ಸೂಪರ್‌ನೋವಾ ಸಿಡಿದಾಗ ಹೊರಬೀಳುವ ದ್ರವ್ಯವಾದರೋ ಸೆಕೆಂಡಿಗೆ ಸಾವಿರಾರು ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಸಣ್ಣ ಪಾತ್ರೆಯಲ್ಲಿ ಹಾಲು ಕಾಯಿಸಿದವರಿಗೆ ಇದು ಗೊತ್ತು: ಹಾಲು ಉಕ್ಕಿದಾಗ ಮೊದಲು ಹೊರಚೆಲ್ಲುವುದು ಕೆನೆ. ಹೊಸದಾಗಿ ತಯಾರಾದ ಭಾರ ಧಾತುಗಳು ಇರುವುದೇ ಸ್ಫೋಟದ ಬಿಸಿ ಅನಿಲದಲ್ಲಿ, ಮತ್ತು ದಾರಿ ಮಾಡಿಕೊಂಡು ಹೊರಗೆ ನುಗ್ಗುವುದೂ ಆ ಬಿಸಿ ಅನಿಲವೇ. ಆದ್ದರಿಂದಲೇ ತಣ್ಣನೆಯ ಹಳೆಯ ಜಲಜನಕ ಬಹುಪಾಲು ಉಳಿದುಕೊಂಡರೂ ಧಾತುಗಳು ಉಳಿಯುವುದಿಲ್ಲ.

ಹೊರಗಿನಿಂದ ಹೊಸ, ಶುದ್ಧ ಜಲಜನಕ ಬಂದು ಸೇರಿ ಇರುವುದನ್ನು ತೆಳ್ಳಗೆ ಮಾಡುವುದೂ ಉಂಟು. ಎರಡರಲ್ಲಿ ಯಾವುದರ ಕೈ ಮೇಲು ಎಂಬುದು ಗ್ಯಾಲಕ್ಸಿಯಿಂದ ಗ್ಯಾಲಕ್ಸಿಗೆ ಬೇರೆ.

ಹಾಗಾದರೆ ಭಾರ ಧಾತುಗಳು ಕಡಿಮೆ ಇರುವ ಗ್ಯಾಲಕ್ಸಿ ಎಳೆಯದು ಎಂದು ಅರ್ಥವಲ್ಲವೇ?

ಅಲ್ಲ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಐ ಜ್ವಿಕಿ 18 ಎಂಬ, ಸುಮಾರು 6 ಕೋಟಿ ಜ್ಯೋತಿರ್ವರ್ಷ ದೂರದ ನೀಲಿ ಕುಬ್ಜದಲ್ಲಿ ಆಮ್ಲಜನಕ ಸೂರ್ಯನ ಮೂವತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. 1972ರಲ್ಲಿ ಲಿಯೊನಾರ್ಡ್ ಸರ್ಲ್ ಮತ್ತು ವ್ಯಾಲೇಸ್ ಸಾರ್ಜೆಂಟ್ ಅದನ್ನು ಅಳೆದು, ಒಂದೋ ಅದು ಈಗಷ್ಟೇ ಹುಟ್ಟಿದ ಗ್ಯಾಲಕ್ಸಿ, ಇಲ್ಲವೇ ಬಿಟ್ಟು ಬಿಟ್ಟು ನಕ್ಷತ್ರಗಳನ್ನು ಹಡೆಯುವ ಗ್ಯಾಲಕ್ಸಿ ಎಂಬ ಎರಡು ಸಾಧ್ಯತೆಗಳನ್ನು ಮುಂದಿಟ್ಟರು. ಹಳೆಯ ಟಿಪ್ಪಣಿಗಳಲ್ಲಿ ಮೊದಲನೆಯದನ್ನೇ ಓದಿಕೊಂಡಿದ್ದ ನಾನು ಅದನ್ನು ‘ಕೂಸು ಗ್ಯಾಲಕ್ಸಿ’ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಹಬಲ್ ದೂರದರ್ಶಕ 2007ರ ಹೊತ್ತಿಗೆ ಅದರಲ್ಲಿ ನೂರು ಕೋಟಿ ವರ್ಷಕ್ಕೂ ಹಳೆಯ ಕೆಂಪು ದೈತ್ಯ ನಕ್ಷತ್ರಗಳನ್ನು ತೋರಿಸಿಯಾಗಿತ್ತು. ಮರುವರ್ಷ ಅದೇ ಮಕ್ಕಳ ಮುಂದೆ ಮಾತು ತಿದ್ದಿಕೊಳ್ಳಬೇಕಾಯಿತು.

ಕಬ್ಬಿಣವನ್ನೂ ಮೆಗ್ನೀಸಿಯಂ ಅನ್ನೂ ಬೇರೆ ಬೇರೆ ಅಳೆಯುವುದರಿಂದ ಏನು ತಿಳಿಯುತ್ತದೆ?

ಗ್ಯಾಲಕ್ಸಿ ಎಷ್ಟು ಬೇಗ ಕೆಲಸ ಮಾಡಿತು ಎಂಬುದು ತಿಳಿಯುತ್ತದೆ. ನಮ್ಮ ಜಿಲ್ಲೆಯ ಒಕ್ಕಲುತನ ಗೊತ್ತಿರುವವರಿಗೆ ಇದನ್ನು ವಿವರಿಸುವುದು ಸುಲಭ.

ಮುಂಗಾರಿನಲ್ಲಿ ತೊಗರಿಯ ಸಾಲುಗಳ ನಡುವೆ ಹೆಸರು ಬಿತ್ತುತ್ತಾರೆ. ಎರಡೂ ಒಂದೇ ಮಳೆಗೆ ನೆಲಕ್ಕೆ ಬಿದ್ದರೂ ಹೆಸರು ಎರಡು, ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ. ತೊಗರಿಯ ರಾಶಿ ನೋಡಬೇಕಾದರೆ ಡಿಸೆಂಬರ್, ಜನವರಿವರೆಗೆ ಕಾಯಬೇಕು. ಒಬ್ಬ ರೈತನ ಮನೆಯಲ್ಲಿ ಬರಿಯ ಹೆಸರಿನ ಚೀಲಗಳಿದ್ದರೆ ಅದು ಸೆಪ್ಟೆಂಬರ್ ಎಂದು ಕ್ಯಾಲೆಂಡರ್ ನೋಡದೆ ಹೇಳಬಹುದು.

ನಕ್ಷತ್ರಗಳಲ್ಲಿ ಹೆಸರುಕಾಳಿನ ಜಾಗದಲ್ಲಿರುವುದು ಭಾರಿ ನಕ್ಷತ್ರಗಳ ಸೂಪರ್‌ನೋವಾ. ಅದು ಹುಟ್ಟಿನಿಂದ ಕೆಲವು ಕೋಟಿ ವರ್ಷಗಳ ಒಳಗೇ ಬಂದುಬಿಡುತ್ತದೆ, ಆಮ್ಲಜನಕ ಮತ್ತು ಮೆಗ್ನೀಸಿಯಂ ಅನ್ನು ಧಾರಾಳವಾಗಿ, ಕಬ್ಬಿಣವನ್ನು ಜಿಪುಣತನದಿಂದ ಕೊಡುತ್ತದೆ. 1987ರ ಫೆಬ್ರವರಿಯಲ್ಲಿ ದೊಡ್ಡ ಮೆಗಲಾನಿಕ್ ಮೋಡದಲ್ಲಿ, ಅಂದರೆ ಒಂದು ಕುಬ್ಜ ಗ್ಯಾಲಕ್ಸಿಯಲ್ಲೇ, ಸಿಡಿದು ಬರಿಗಣ್ಣಿಗೆ ಕಂಡ ಸೂಪರ್‌ನೋವಾ ಈ ಬಗೆಯದು. ಅದರಿಂದ ಬಂದ ಕಬ್ಬಿಣ ಸೂರ್ಯನ ತೂಕದ ನೂರರಲ್ಲಿ ಏಳು ಪಾಲಿನಷ್ಟು. ತೊಗರಿಯ ಜಾಗದಲ್ಲಿರುವುದು ‘ಒಂದು ಎ’ ಬಗೆಯ ಸೂಪರ್‌ನೋವಾ. ಜೋಡಿ ನಕ್ಷತ್ರಗಳಲ್ಲಿ ಒಂದು ಮೊದಲು ಶ್ವೇತಕುಬ್ಜವಾಗಬೇಕು, ನಂತರ ಸಂಗಾತಿಯಿಂದ ದ್ರವ್ಯ ಪಡೆದೋ ಇನ್ನೊಂದು ಶ್ವೇತಕುಬ್ಜದೊಡನೆ ಕೂಡಿಯೋ ಸಿಡಿಯಬೇಕು. ಇದಕ್ಕೆ ಹತ್ತು ಕೋಟಿ ವರ್ಷದಿಂದ ಹಿಡಿದು ನೂರಾರು ಕೋಟಿ ವರ್ಷಗಳವರೆಗೆ ತಡವಾಗುತ್ತದೆ. ಬಂದಾಗ ಮಾತ್ರ ಒಂದೊಂದೂ ಸೂರ್ಯನ ಅರ್ಧಕ್ಕಿಂತ ಹೆಚ್ಚು ತೂಕದ ಕಬ್ಬಿಣ ಸುರಿಯುತ್ತದೆ.

ಹೀಗಾಗಿ ಗ್ಯಾಲಕ್ಸಿಯ ಮೊದಲ ನಕ್ಷತ್ರಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಂ ಹೆಚ್ಚು, ತಡವಾದ ಕಬ್ಬಿಣ ಬರತೊಡಗಿದ ಮೇಲೆ ಹುಟ್ಟಿದವುಗಳಲ್ಲಿ ಕಡಿಮೆ. ಕಬ್ಬಿಣ ಏರಿದಂತೆ ಅದಕ್ಕೆ ಹೋಲಿಸಿದ ಮೆಗ್ನೀಸಿಯಂ ಹೇಗೆ ಬದಲಾಗುತ್ತದೆ ಎಂದು ಗೆರೆ ಎಳೆದ ನಕ್ಷೆಯಲ್ಲಿ ಈ ಇಳಿತ ಶುರುವಾಗುವ ಜಾಗವನ್ನು ‘ಮೊಣಕಾಲು’ ಎನ್ನುತ್ತಾರೆ. ಆಕಾಶಗಂಗೆ ಆತುರದಿಂದ ನಕ್ಷತ್ರಗಳನ್ನು ಹುಟ್ಟಿಸುತ್ತಿತ್ತು, ಆದ್ದರಿಂದ ತೊಗರಿ ಬರುವ ಹೊತ್ತಿಗೆ ಅದರ ಕಬ್ಬಿಣ ಸೂರ್ಯನ ಹತ್ತರಲ್ಲಿ ಒಂದು ಪಾಲಿಗೆ ಏರಿಬಿಟ್ಟಿತ್ತು. 2.8 ಲಕ್ಷ ಜ್ಯೋತಿರ್ವರ್ಷ ದೂರದ ಸ್ಕಲ್ಪ್ಟರ್ ಎಂಬ ಕುಬ್ಜದಲ್ಲಿ ಮೊಣಕಾಲು ಇರುವುದು ಸೂರ್ಯನ ನೂರರಲ್ಲಿ ಒಂದೆರಡು ಪಾಲಿನ ಹತ್ತಿರ. ಕಾಯುವ ಕಾಲ ಎರಡಕ್ಕೂ ಒಂದೇ; ಆ ಕಾಲದಲ್ಲಿ ಕೂಡಿಟ್ಟದ್ದು ಬೇರೆ.

ಕೆಲವು ಕುಬ್ಜಗಳಲ್ಲಿ ನಕ್ಷತ್ರಗಳ ಹುಟ್ಟು ನಿಂತೇಹೋಗಿದೆ, ಕೆಲವುಗಳಲ್ಲಿ ಇನ್ನೂ ನಡೆಯುತ್ತಿದೆ. ಏಕೆ?

ಒಂದು ಕಾರಣ ತೂಕ, ಇನ್ನೊಂದು ನೆರೆಹೊರೆ.

ವಿಶ್ವದ ಮೊದಲ ನೂರು ಕೋಟಿ ವರ್ಷಗಳಲ್ಲಿ ಆರಂಭಿಕ ನಕ್ಷತ್ರಗಳ ಅತಿನೇರಳೆ ಕಿರಣಗಳು ಎಲ್ಲೆಡೆ ತುಂಬಿ, ಗ್ಯಾಲಕ್ಸಿಗಳ ನಡುವಿನ ಜಲಜನಕವನ್ನು ಸುಮಾರು 10,000 ಡಿಗ್ರಿಗೆ ಕಾಯಿಸಿಬಿಟ್ಟವು. ಅಷ್ಟು ಬಿಸಿಯಾದ ಅನಿಲವನ್ನು ಎಳೆದು ಹಿಡಿಯುವ ಶಕ್ತಿ ತೀರಾ ಚಿಕ್ಕ ಕುಬ್ಜಗಳಿಗೆ ಇರಲಿಲ್ಲ. ಹಬಲ್ ದೂರದರ್ಶಕದಿಂದ ಆರು ಅತಿಮಂದ ಕುಬ್ಜಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವುಗಳ ನಕ್ಷತ್ರಗಳಲ್ಲಿ ಸುಮಾರು ಶೇ 80ರಷ್ಟು ಇಂದಿಗೆ 1,280 ಕೋಟಿ ವರ್ಷಗಳ ಹಿಂದೆಯೇ ಹುಟ್ಟಿ ಮುಗಿದಿದ್ದವು. ಅಲ್ಲಿಂದ ಮುಂದೆ ಬಹುತೇಕ ಬಂಜರು.

ತುಸು ದೊಡ್ಡವು ಆ ಕಾಲವನ್ನು ದಾಟಿಕೊಂಡವು. ಅವುಗಳ ಪಾಡನ್ನು ನಿರ್ಧರಿಸಿದ್ದು ಅವು ಇರುವ ಜಾಗ. ಆಕಾಶಗಂಗೆಯಿಂದ ಹತ್ತು ಲಕ್ಷ ಜ್ಯೋತಿರ್ವರ್ಷದ ಒಳಗಿರುವ ಕುಬ್ಜಗಳಲ್ಲಿ, ಎರಡು ಮೆಗಲಾನಿಕ್ ಮೋಡಗಳನ್ನು ಬಿಟ್ಟರೆ, ಅನಿಲ ಕಾಣಸಿಗುವುದಿಲ್ಲ. ದೊಡ್ಡ ಗ್ಯಾಲಕ್ಸಿಯ ಸುತ್ತ ತೆಳುವಾದ ಬಿಸಿ ಅನಿಲದ ಆವರಣವಿದ್ದು, ಅದರೊಳಗೆ ವೇಗವಾಗಿ ನುಗ್ಗುವ ಕುಬ್ಜದ ಅನಿಲವನ್ನು ಎದುರುಗಾಳಿ ಹೊಟ್ಟು ತೂರಿದಂತೆ ತೂರಿಬಿಡುತ್ತದೆ. ಕಾಳು, ಅಂದರೆ ನಕ್ಷತ್ರಗಳು, ಅಲ್ಲೇ ಉಳಿಯುತ್ತವೆ. ಸ್ಲೋನ್ ಸಮೀಕ್ಷೆಯಲ್ಲೇ ಸಿಕ್ಕು 2007ರಲ್ಲಿ ಪ್ರಕಟವಾದ ಲಿಯೊ ಟಿ ಇದಕ್ಕೆ ಒಳ್ಳೆಯ ಸಾಕ್ಷಿ: ಅದು ತೀರಾ ಮಂದವಾದ ಕುಬ್ಜವೇ ಆದರೂ ಸುಮಾರು 13 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ, ಈ ಗಾಳಿಗೆ ಹೊರಗಿದೆ, ಅನಿಲವನ್ನು ಉಳಿಸಿಕೊಂಡಿದೆ, ಎಳೆಯ ನಕ್ಷತ್ರಗಳೂ ಅಲ್ಲಿವೆ.

ಆದರೂ ಎಲ್ಲವನ್ನೂ ಎರಡು ಕಾರಣಗಳಿಗೆ ಗಂಟುಹಾಕಲು ಹೋದರೆ ಕುಬ್ಜಗಳು ಒಪ್ಪುವುದಿಲ್ಲ. ಸ್ಕಲ್ಪ್ಟರ್ ಬಹಳ ಹಿಂದೆಯೇ ಕೆಲಸ ಮುಗಿಸಿತು, ಫೋರ್ನ್ಯಾಕ್ಸ್ ಕೆಲವು ಹತ್ತು ಕೋಟಿ ವರ್ಷಗಳ ಹಿಂದಿನವರೆಗೂ ನಡೆಸಿತ್ತು. ಕರೀನಾ ಎಂಬುದರಲ್ಲಿ ನಡುವೆ ದೀರ್ಘ ಬಿಡುವು ಕೊಟ್ಟು ಹಲವು ಕಂತುಗಳಲ್ಲಿ ನಕ್ಷತ್ರಗಳು ಹುಟ್ಟಿರುವುದು ಸ್ಪಷ್ಟವಾಗಿ ಕಾಣುತ್ತದೆ. ಒಂಟಿಯಾಗಿರುವ ಲಿಯೊ ಎ ತನ್ನ ನಕ್ಷತ್ರಗಳಲ್ಲಿ ಶೇ 90ರಷ್ಟನ್ನು ಕಳೆದ 800 ಕೋಟಿ ವರ್ಷಗಳಲ್ಲಿ, ಅಂದರೆ ಬೇರೆಯವು ಮುಗಿಸುವ ಹೊತ್ತಿಗೆ, ಹುಟ್ಟಿಸಿತು.

ಬೆಳ್ಳಿ, ಬಂಗಾರ ಕುಬ್ಜ ಗ್ಯಾಲಕ್ಸಿಗಳಲ್ಲಿ ಇವೆಯೇ?

ಬಿದರಿ ಹೂಜಿಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸುತ್ತೇನೆ. ಅದರ ಒಡಲು ಸತು ಮತ್ತು ಸ್ವಲ್ಪ ತಾಮ್ರದ ಮಿಶ್ರಣ. ಉಳಿಯಿಂದ ಗೀರಿದ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ, ಉಜ್ಜಿ ನಯ ಮಾಡಿ, ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದಾಗ ಒಡಲು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಹೊಳೆಯುತ್ತದೆ. ಈ ಹೂಜಿಯ ಸತು, ತಾಮ್ರಗಳು ಮುಖ್ಯವಾಗಿ ಭಾರಿ ನಕ್ಷತ್ರಗಳ ಕೊಡುಗೆ. ಬೆಳ್ಳಿಯ ಬಹುಪಾಲು ಬಂದ ದಾರಿ ಬೇರೆ: ಪರಮಾಣುಗಳ ಮೇಲೆ ನ್ಯೂಟ್ರಾನ್‌ಗಳ ಸುರಿಮಳೆಯಾಗಿ, ಅವು ಸೆಕೆಂಡುಗಳಲ್ಲಿ ಉಬ್ಬುವ ಕ್ರಿಯೆಯಿಂದ ಬೆಳ್ಳಿ, ಬಂಗಾರ, ಯುರೋಪಿಯಂನಂತಹವು ತಯಾರಾಗುತ್ತವೆ. ಎರಡು ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಭಾರಿ ನಕ್ಷತ್ರ ಸಿಡಿದ ಮೇಲೆ ಉಳಿಯುವ ಅತಿದಟ್ಟ ತಿರುಳುಗಳು, ಡಿಕ್ಕಿ ಹೊಡೆದಾಗ ಇದು ನಡೆಯುತ್ತದೆ ಎಂಬುದಕ್ಕೆ 2017ರ ಆಗಸ್ಟ್ 17ರಂದು ಗುರುತ್ವ ಅಲೆಗಳೊಂದಿಗೆ ಕಂಡ ಘಟನೆ ಸಾಕ್ಷಿಯಾಯಿತು.

ಅದಕ್ಕೆ ಒಂದು ವರ್ಷ ಮೊದಲೇ ಒಂದು ಕುಬ್ಜ ಗ್ಯಾಲಕ್ಸಿ ಸುಳಿವು ಕೊಟ್ಟಿತ್ತು. 2015ರಲ್ಲಿ ಪತ್ತೆಯಾದ, ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ದೂರದ ರೆಟಿಕ್ಯುಲಮ್ 2 ಎಂಬ ಅತಿಮಂದ ಕುಬ್ಜದ ಒಂಬತ್ತು ನಕ್ಷತ್ರಗಳನ್ನು ಅಲೆಕ್ಸಾಂಡರ್ ಜಿ ಮತ್ತು ಸಂಗಡಿಗರು ಅಳೆದಾಗ ಏಳರಲ್ಲಿ ಬೇರಿಯಂ, ಯುರೋಪಿಯಂ ಮೊದಲಾದ ಧಾತುಗಳು ಇತರ ಅತಿಮಂದ ಕುಬ್ಜಗಳಿಗಿಂತ ನೂರಾರು ಪಟ್ಟು ಹೆಚ್ಚಿದ್ದವು. ಈ ಧಾತುಗಳು ಪ್ರತಿ ಸೂಪರ್‌ನೋವಾದಿಂದಲೂ ಚೂರುಚೂರೇ ಬರುತ್ತಿದ್ದರೆ ಎಲ್ಲ ಕುಬ್ಜಗಳಲ್ಲೂ ಅಷ್ಟಿಷ್ಟು ಇರಬೇಕಿತ್ತು. ಒಂದರಲ್ಲಿ ಮಾತ್ರ ರಾಶಿ ಬಿದ್ದಿದೆ ಎಂದರೆ, ಅಪರೂಪದ ಒಂದೇ ಒಂದು ಘಟನೆ ಅಲ್ಲಿ ನಡೆದು ಇಡೀ ಗ್ಯಾಲಕ್ಸಿಗೆ ಬಳಿದುಹೋಗಿದೆ. ದೊಡ್ಡ ಗ್ಯಾಲಕ್ಸಿಯಲ್ಲಿ ಇಂತಹ ಘಟನೆಯ ಗುರುತು ಉಳಿದದ್ದರ ಜೊತೆ ಕಲಸಿಹೋಗುತ್ತದೆ.

ಕುಬ್ಜ ಗ್ಯಾಲಕ್ಸಿಗಳ ನಕ್ಷತ್ರಗಳು ಆಕಾಶಗಂಗೆಯಲ್ಲಿ ಸೇರಿಕೊಂಡಿವೆಯೇ?

ಸೇರಿವೆ, ಈಗಲೂ ಸೇರುತ್ತಿವೆ. 1994ರಲ್ಲಿ ಪತ್ತೆಯಾದ ಧನು ರಾಶಿಯ ಕುಬ್ಜವನ್ನು ಆಕಾಶಗಂಗೆ ಎಳೆದು ಹರಿಯುತ್ತಿದ್ದು, ಅದರ ನಕ್ಷತ್ರಗಳ ಹೊಳೆ ಆಕಾಶವನ್ನೇ ಸುತ್ತುವರಿದಿದೆ. 2018ರಲ್ಲಿ ಗಯಾ ಉಪಗ್ರಹದ ಅಳತೆಗಳಿಂದ, ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ಇನ್ನೊಂದು ದೊಡ್ಡ ಕುಬ್ಜ ಪೂರ್ತಿಯಾಗಿ ಲೀನವಾದದ್ದು ತಿಳಿಯಿತು. ಅದರ ನಕ್ಷತ್ರಗಳನ್ನು ಗುರುತು ಹಿಡಿಯಲು ಚಲನೆಯ ಜೊತೆಗೆ ನೆರವಾಗುವುದು ಮೇಲೆ ಹೇಳಿದ ಹೆಸರು–ತೊಗರಿಯ ಲೆಕ್ಕವೇ: ಅಷ್ಟೇ ಕಬ್ಬಿಣವಿರುವ ಇಲ್ಲಿನ ಮೂಲ ನಕ್ಷತ್ರಗಳಿಗಿಂತ ಅವುಗಳಲ್ಲಿ ಮೆಗ್ನೀಸಿಯಂ ಕಡಿಮೆ.

ಭಾರತದಲ್ಲಿ ಈ ಕುರಿತು ಯಾರಾದರೂ ಕೆಲಸ ಮಾಡುತ್ತಾರೆಯೇ?

ಕಲಬುರಗಿಯಿಂದ ಸೊಲ್ಲಾಪುರದ ಮೇಲೆ ರೈಲು ಹಿಡಿದು ಪುಣೆಗೆ ಹೋದರೆ, ಅಲ್ಲಿಂದ ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ರೇಡಿಯೊ ತಟ್ಟೆಗಳ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕ ಇದೆ. ಮಂದವಾದ ಕುಬ್ಜಗಳ ಜಲಜನಕವನ್ನು ಅಳೆಯಲೆಂದೇ ಅಲ್ಲಿ ನಡೆದ ಸಮೀಕ್ಷೆಯಲ್ಲಿ 60ಕ್ಕೂ ಹೆಚ್ಚು ಗ್ಯಾಲಕ್ಸಿಗಳಿದ್ದವು. ಎನ್‌ಜಿಸಿ 3741ರ ಅಷ್ಟು ಅಗಲದ ಅನಿಲವನ್ನು ಕಂಡದ್ದೂ ಅಲ್ಲೇ. 2015ರ ಸೆಪ್ಟೆಂಬರ್ 28ರಂದು ಹಾರಿಬಿಟ್ಟ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕದಿಂದ 11 ನೀಲಿ ಕುಬ್ಜಗಳ ಹೊರಅಂಚಿನಲ್ಲಿ ಎಳೆಯ ನಕ್ಷತ್ರಗಳ ಮಂದ ಬೆಳಕು ಕಂಡಿದ್ದು, 2022ರಲ್ಲಿ ಪ್ರಕಟವಾಯಿತು. ಅಂಚಿನಲ್ಲಿ ಹುಟ್ಟಿದ ಈ ಗುಂಪುಗಳು ಮೆಲ್ಲನೆ ಒಳಗೆ ಸರಿದು ಗ್ಯಾಲಕ್ಸಿಯನ್ನು ಕಟ್ಟುತ್ತಿವೆ ಎಂಬುದು ಆ ಅಧ್ಯಯನದ ವಾದ.

ಕಲಬುರಗಿಯಿಂದ ಯಾವ ಕುಬ್ಜ ಗ್ಯಾಲಕ್ಸಿ ಕಾಣುತ್ತದೆ?

ಮೆಗಲಾನಿಕ್ ಮೋಡಗಳ ಆಸೆ ಬಿಡಬೇಕು. ಕಲಬುರಗಿಯ ಅಕ್ಷಾಂಶ 17.3 ಡಿಗ್ರಿ ಉತ್ತರ ಇರುವುದರಿಂದ ದೊಡ್ಡ ಮೋಡ ಡಿಸೆಂಬರ್ ಮಧ್ಯರಾತ್ರಿಯಲ್ಲಿ ದಕ್ಷಿಣ ದಿಗಂತದಿಂದ ಹೆಚ್ಚೆಂದರೆ 3 ಡಿಗ್ರಿ ಮೇಲೇಳುತ್ತದೆ. ಕೈ ಚಾಚಿ ಎರಡು ಬೆರಳು ಅಡ್ಡ ಹಿಡಿದರೆ ಮುಚ್ಚಿಹೋಗುವಷ್ಟು ಎತ್ತರ. ಆ ಎತ್ತರದಲ್ಲಿ ಧೂಳೂ ಮಂಜೂ ಏನನ್ನೂ ಉಳಿಸುವುದಿಲ್ಲ. ಯಾದಗಿರಿಗೆ ಹೋದರೆ ಅರ್ಧ ಡಿಗ್ರಿ ಲಾಭ, ಬೀದರಿಗೆ ಹೋದರೆ ಅಷ್ಟೇ ನಷ್ಟ. ಚಿಕ್ಕ ಮೋಡ ನಮ್ಮ ದಿಗಂತವನ್ನು ದಾಟುವುದೇ ಇಲ್ಲ ಎನ್ನಬಹುದು.

1884ರಲ್ಲಿ ಎಡ್ವರ್ಡ್ ಬರ್ನಾರ್ಡ್ ಕಂಡುಹಿಡಿದ ಎನ್‌ಜಿಸಿ 6822 ಧನು ರಾಶಿಯಲ್ಲಿದ್ದು, ಸುಮಾರು 16 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಈಗಲೂ ನಕ್ಷತ್ರಗಳನ್ನು ಹಡೆಯುತ್ತಿರುವ ಕುಬ್ಜ. ಮಳೆ ಹಿಂದೆ ಸರಿದ ಅಕ್ಟೋಬರ್‌ನಲ್ಲಿ, ಚಂದ್ರನಿಲ್ಲದ ಸಂಜೆ, ಊರಿನ ದೀಪಗಳಿಂದ ದೂರ ಹೋದರೆ ನೈಋತ್ಯದಲ್ಲಿ ಹುಡುಕಬಹುದು. ಅದರ ಬೆಳಕು ಅಗಲಕ್ಕೆ ಹರಡಿ ತೆಳುವಾಗಿರುವುದರಿಂದ ಹೆಚ್ಚು ದೊಡ್ಡದು ಮಾಡಿ ನೋಡಿದರೆ ಕಾಣೆಯಾಗುತ್ತದೆ. ಕಡಿಮೆ ವರ್ಧನೆಯಲ್ಲಿ, ಕಣ್ಣು ಕತ್ತಲೆಗೆ ಅರ್ಧ ಗಂಟೆ ಹೊಂದಿಕೊಂಡ ಮೇಲೆ, ನೇರವಾಗಿ ನೋಡದೆ ತುಸು ಪಕ್ಕಕ್ಕೆ ನೋಡಬೇಕು.

ಮೊದಲ ಸಲ ನೋಡುವವರಿಗೆ ಆಂಡ್ರೊಮಿಡಾದ ಜೊತೆಗಾರರೇ ಸುಲಭ. ನವೆಂಬರ್ ಮಧ್ಯದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಆ ಗ್ಯಾಲಕ್ಸಿ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಅದರ ಒಂದು ಬದಿಗೆ ಅಂಟಿಕೊಂಡಂತಿರುವ, ನಕ್ಷತ್ರವೆಂದೇ ಮೊದಲು ಅನಿಸುವ ದುಂಡನೆಯ ಮಸುಕು ಚುಕ್ಕೆ ಎಂ 32. ಇನ್ನೊಂದು ಬದಿಗೆ ತುಸು ದೂರದಲ್ಲಿ, ಉದ್ದನೆಯ, ಮತ್ತೂ ಮಂದವಾದದ್ದು ಎಂ 110. ಆರು ಅಂಗುಲದ ದೂರದರ್ಶಕದಲ್ಲಿ ಮೊದಲನೆಯದು ಎಲ್ಲರಿಗೂ ಸಿಗುತ್ತದೆ. ಎರಡನೆಯದನ್ನು ಕಂಡೆ ಎಂದವರಿಗೆ, ಯಾವ ದಿಕ್ಕಿಗೆ ಉದ್ದವಿದೆ ಎಂದು ಕೇಳಿ ಖಾತ್ರಿಪಡಿಸಿಕೊಳ್ಳುತ್ತೇನೆ.